ಹುಲ್ಲು ಕತ್ತರಿಸುವ ಸವಾರಿ ಯಂತ್ರದ ಡೆಕ್: ಸುರಕ್ಷಿತ ಆರೈಕೆಯ ಕ್ರಮ

ಮುಂಬಯಿ ಮಹಾನಗರದಲ್ಲಿ ನೆಲೆಸಿರುವ ನಮ್ಮ ಕನ್ನಡಿಗರಿಗೆ ಹುಲ್ಲುಹಾಸು ಎಂಬುದು ಬಹುಕಾಲ ದೂರದಿಂದ ನೋಡುವ ವಸ್ತುವಾಗಿತ್ತು. ಓವಲ್ ಮೈದಾನದ ಬೇಲಿಯಾಚೆಗೋ, ವಾಂಖೆಡೆ ಕ್ರೀಡಾಂಗಣದ ಮೆಟ್ಟಿಲಿನಿಂದಲೋ, ಚೆಂಬೂರಿನ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ಬಿನ ಗೋಡೆಯ ಸಂದಿನಿಂದಲೋ ಅದು ಕಾಣಿಸುತ್ತಿತ್ತು. ಈಗ ಪರಿಸ್ಥಿತಿ ಬದಲಾಗಿದೆ. ಠಾಣೆ, ಪೊವಾಯಿ, ನವಿಮುಂಬಯಿಗಳ ದೊಡ್ಡ ವಸತಿ ಸಂಕುಲಗಳಲ್ಲಿ ಎಕರೆಗಟ್ಟಲೆ ಹುಲ್ಲು ಬೆಳೆಸುತ್ತಾರೆ. ಕರ್ಜತ್, ಖೊಪೋಲಿ, ಪನ್ವೇಲ್ ಕಡೆ ತೋಟದ ಮನೆ ಮಾಡಿಕೊಂಡವರಿದ್ದಾರೆ. ಇನ್ನು ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಆರು ತಿಂಗಳು ಹೋಗಿ ಬರುವ ಹಿರಿಯರು ಅಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಬೀದಿಗೆ ಬೀದಿಯೇ ಹುಲ್ಲು ಕತ್ತರಿಸುವುದನ್ನು ಕಂಡು, ಮಗನೋ ಅಳಿಯನೋ ಪುಟ್ಟ ಟ್ರ್ಯಾಕ್ಟರಿನಂತಹ ಯಂತ್ರದ ಮೇಲೆ ಕುಳಿತು ಸುತ್ತುವುದನ್ನು ಬೆರಗಿನಿಂದ ನೋಡಿ ಬಂದಿದ್ದಾರೆ. ಸೊಸೈಟಿಯ ವ್ಯವಸ್ಥಾಪಕ ಸಮಿತಿಯಲ್ಲಿ ಇರುವವರಿಗೂ, ತೋಟದ ಮನೆಯ ಒಡೆಯರಿಗೂ, ವಿದೇಶದಲ್ಲಿರುವ ಮಕ್ಕಳಿಗೆ ಬುದ್ಧಿ ಹೇಳಬಯಸುವ ತಂದೆತಾಯಿಯರಿಗೂ ಉಪಯೋಗವಾಗಲೆಂದು ಈ ಯಂತ್ರದ ಅತ್ಯಂತ ಅಪಾಯಕಾರಿ ಭಾಗದ ಆರೈಕೆಯ ಕುರಿತು ಇಲ್ಲಿ ಬರೆಯುತ್ತಿದ್ದೇವೆ.

ಆ ಭಾಗಕ್ಕೆ ಡೆಕ್ ಎಂದು ಹೆಸರು. ಯಂತ್ರದ ಹೊಟ್ಟೆಯ ಕೆಳಗೆ ಬೋರಲು ಹಾಕಿದ ಅಗಲವಾದ ಕಬ್ಬಿಣದ ಬೋಗುಣಿಯಂತೆ ಇದು ತೂಗಾಡಿಕೊಂಡಿರುತ್ತದೆ. ಅದರೊಳಗೆ ಎರಡು ಅಥವಾ ಮೂರು ಉದ್ದನೆಯ ಅಲಗುಗಳು ನೆಲಕ್ಕೆ ಸಮಾನಾಂತರವಾಗಿ, ಮನೆಯ ಫ್ಯಾನಿನ ರೆಕ್ಕೆಗಳಂತೆ ತಿರುಗುತ್ತವೆ. ಪ್ರತಿಯೊಂದು ಅಲಗೂ ಸ್ಪಿಂಡಲ್ ಎಂಬ ನೆಟ್ಟನೆಯ ಕಂಬಿಯ ತುದಿಗೆ ಬೋಲ್ಟಿನಿಂದ ಬಿಗಿದಿರುತ್ತದೆ. ಸ್ಪಿಂಡಲ್‌ಗಳ ಮೇಲುತುದಿಯಲ್ಲಿ ರಾಟೆಗಳಿವೆ. ಎಂಜಿನ್ನಿನಿಂದ ಬರುವ ರಬ್ಬರ್ ಬೆಲ್ಟು ಈ ರಾಟೆಗಳನ್ನೆಲ್ಲ ಸುತ್ತಿಕೊಂಡು ತಿರುಗಿಸುತ್ತದೆ. ಅಲಗಿನ ಹಿಂಬದಿಯ ಅಂಚು ಸ್ವಲ್ಪ ಮೇಲಕ್ಕೆ ಬಾಗಿರುವುದರಿಂದ ಗಾಳಿ ಎದ್ದು, ಮಲಗಿದ ಹುಲ್ಲನ್ನು ನಿಲ್ಲಿಸುತ್ತದೆ. ಕತ್ತರಿಸಿದ ಹುಲ್ಲನ್ನು ಪಕ್ಕದ ಬಾಯಿಯಿಂದ ಹೊರಗೆ ಎಸೆಯುತ್ತದೆ. ಬೋಗುಣಿಯ ಒಳಮೈ ನಯವಾಗಿ, ಸ್ವಚ್ಛವಾಗಿ ಇದ್ದರೆ ಮಾತ್ರ ಈ ಗಾಳಿಯ ಓಟ ಸರಾಗ.

ಹುಲ್ಲು ಕತ್ತರಿಸುವ ಯಂತ್ರದ ಮೂಲ ಬಟ್ಟೆ ಗಿರಣಿಯಲ್ಲಿದೆ ಎಂಬುದು ಗಿರಣಗಾಂವಿನ ನೆನಪು ಉಳಿಸಿಕೊಂಡಿರುವ ಮುಂಬಯಿಕರರಿಗೆ ರುಚಿಸಬಹುದಾದ ಸಂಗತಿ. ಇಂಗ್ಲೆಂಡಿನ ಗ್ಲೌಸ್ಟರ್‌ಶೈರಿನ ಎಡ್ವಿನ್ ಬಡ್ಡಿಂಗ್ ಎಂಬಾತ ಉಣ್ಣೆಬಟ್ಟೆಯ ಮೇಲೆ ಎದ್ದ ಜುಂಗನ್ನು ಸಮನಾಗಿ ಕತ್ತರಿಸುವ ಗಿರಣಿಯ ಯಂತ್ರವನ್ನು ಕಂಡು, ಹುಲ್ಲಿಗೂ ಇದೇ ಉಪಾಯ ಆಗದೇಕೆ ಎಂದು ಯೋಚಿಸಿ 1830ರಲ್ಲಿ ಪೇಟೆಂಟ್ ಪಡೆದ. ಆತನದು ಉರುಳೆಯ ಸುತ್ತ ಅಲಗುಗಳಿದ್ದ, ಕತ್ತರಿಯಂತೆ ಕೆಲಸಮಾಡುವ ಯಂತ್ರ. ಕ್ರಿಕೆಟ್ ಪಿಚ್ಚಿಗೂ ಗಾಲ್ಫಿನ ಗ್ರೀನ್‌ಗಳಿಗೂ ಇಂದಿಗೂ ಆ ಜಾತಿಯ ಯಂತ್ರವೇ ಬೇಕು. ನಾವು ಇಲ್ಲಿ ಹೇಳುತ್ತಿರುವುದು ಅಡ್ಡಲಾಗಿ ಬೀಸಿ ಹೊಡೆದು ಕತ್ತರಿಸುವ ಅಲಗಿನ ಯಂತ್ರದ ವಿಷಯ. ಇದು ಕತ್ತರಿಯಲ್ಲ, ಬೀಸುಗತ್ತಿ.

ಬೀಸುಗತ್ತಿಯ ವೇಗ ಎಷ್ಟೆಂಬುದನ್ನು ಲೆಕ್ಕಹಾಕಿ ನೋಡೋಣ. ಅಲಗಿನ ಉದ್ದ 21 ಇಂಚು, ಅದು ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ ಎಂದುಕೊಂಡರೆ, ಅದರ ತುದಿ ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ನಮ್ಮ ಫಾಸ್ಟ್ ಲೋಕಲ್ ಗಾಡಿ ಪೂರ್ಣ ವೇಗದಲ್ಲಿ ಹೋದರೂ ಇದರ ಮೂರನೆಯ ಒಂದು ಪಾಲು. ಅಮೆರಿಕದ ಮಾನದಂಡವು ಅಲಗಿನ ತುದಿಯ ವೇಗ ನಿಮಿಷಕ್ಕೆ 19,000 ಅಡಿಯನ್ನು ಮೀರಕೂಡದೆಂದು ಮಿತಿ ಹಾಕಿದೆ. ಅದು ಗಂಟೆಗೆ ಸುಮಾರು 347 ಕಿ.ಮೀ. ಆಗುತ್ತದೆ. ಅದೇ ದೇಶದಲ್ಲಿ 1982ರಿಂದ, ಹಿಂದೆ ನಿಂತು ತಳ್ಳುವ ಯಂತ್ರಗಳ ಹಿಡಿಕೆ ಬಿಟ್ಟ ಮೂರು ಸೆಕೆಂಡಿನೊಳಗೆ ಅಲಗು ನಿಲ್ಲಲೇಬೇಕೆಂಬ ನಿಯಮವಿದೆ. ಕುಳಿತು ಓಡಿಸುವ ಯಂತ್ರದಲ್ಲಿ ಅಲಗುಗಳು ದೊಡ್ಡವು. ನಿಲ್ಲುವುದಕ್ಕೆ ಇನ್ನೂ ಹೆಚ್ಚು ಹೊತ್ತು ಹಿಡಿಯಬಹುದು. ಎಂಜಿನ್ನಿನ ಸದ್ದು ಅಡಗಿತು ಎಂದು ಕೈ ಚಾಚುವವನ ಬೆರಳು ಹೋಗುವುದು ಈ ಕೆಲವೇ ಸೆಕೆಂಡುಗಳಲ್ಲಿ.

ಕೀಲಿಕೈ ಯಾರ ಜೇಬಿನಲ್ಲಿ?

ಬ್ಯಾಂಕಿನ ಉದ್ಯೋಗದಲ್ಲಿರುವ ನಮಗೆ ಭದ್ರಕೋಣೆಯ ಎರಡು ಕೀಲಿಕೈಗಳ ಪದ್ಧತಿ ಚೆನ್ನಾಗಿ ಗೊತ್ತು. ಒಂದು ಕೀಲಿ ಒಬ್ಬ ಅಧಿಕಾರಿಯಲ್ಲಿ, ಇನ್ನೊಂದು ಮತ್ತೊಬ್ಬರಲ್ಲಿ. ಇಬ್ಬರೂ ಬಾರದೆ ಬಾಗಿಲು ತೆರೆಯದು. ಯಾರ ಮೇಲೂ ಅಪನಂಬಿಕೆಯಿಂದ ಮಾಡಿದ ಏರ್ಪಾಡಲ್ಲ ಅದು. ಮರೆವು, ಅವಸರ, ದಾಕ್ಷಿಣ್ಯ ಇವುಗಳಿಂದ ಅನಾಹುತವಾಗದಿರಲಿ ಎಂದು ಮಾಡಿದ್ದು. ಡೆಕ್ಕಿನ ಕೆಲಸಕ್ಕೂ ಇಂತಹುದೇ ಒಂದು ಕಟ್ಟಳೆ ಇರಬೇಕೆಂಬುದು ನಮ್ಮ ಅಭಿಪ್ರಾಯ: ಡೆಕ್ಕಿಗೆ ಕೈ ಹಾಕುವವನ ಜೇಬಿನಲ್ಲಿಯೇ ಯಂತ್ರದ ಕೀಲಿಕೈ ಇರಬೇಕು. ವಾಚ್‌ಮನ್ನನ ಬಳಿಯಲ್ಲಾಗಲಿ, ಆಫೀಸಿನ ಮೊಳೆಯ ಮೇಲಾಗಲಿ, ಯಂತ್ರದಲ್ಲಿಯೇ ಆಗಲಿ ಬಿಡಕೂಡದು. ಎರಡನೆಯ ಕೀಲಿಯೊಂದಿದ್ದರೆ ಅದು ಕಪಾಟಿನಲ್ಲಿ ಬೀಗದೊಳಗಿರಲಿ.

ಕ್ರಮ ಹೀಗೆ. ಯಂತ್ರವನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಬೇಕು. ಅಲಗು ತಿರುಗಿಸುವ ಸ್ವಿಚ್ಚನ್ನೋ ಲಿವರನ್ನೋ ಬಿಡಿಸಿ, ನಿಲುಗಡೆಯ ಬ್ರೇಕು ಹಾಕಿ, ಎಂಜಿನ್ ಆರಿಸಿ, ಕೀಲಿ ತೆಗೆದು, ಎಲ್ಲ ಅಲಗುಗಳೂ ನಿಂತದ್ದನ್ನು ಕಣ್ಣಿನಿಂದ ಖಚಿತಪಡಿಸಿಕೊಂಡ ಮೇಲೆಯೇ ಆಸನದಿಂದ ಇಳಿಯಬೇಕು. ಅನಂತರ ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಿತ್ತು, ಅದು ತಾನಾಗಿ ಹಿಂದೆ ಬಂದು ತಾಗದಂತೆ ದೂರ ಬಾಗಿಸಿಡಬೇಕು. ಎರಡು ಸಿಲಿಂಡರಿನ ಎಂಜಿನ್ನಾದರೆ ಎರಡೂ ತಂತಿಗಳನ್ನು ತೆಗೆಯಬೇಕು. ಈಚೆಗೆ ಬಂದಿರುವ ಬ್ಯಾಟರಿಯ ಯಂತ್ರಗಳು ಸದ್ದೇ ಮಾಡುವುದಿಲ್ಲವಾದ್ದರಿಂದ ನಿಂತಿದೆಯೋ ಸಿದ್ಧವಾಗಿದೆಯೋ ತಿಳಿಯದು. ಅವುಗಳ ಬ್ಯಾಟರಿಯನ್ನು ಅಥವಾ ಸುರಕ್ಷತಾ ಕೀಲಿಯನ್ನು ತೆಗೆದೇ ಮುಂದುವರಿಯಬೇಕು. ಸೈಲೆನ್ಸರು ತಣ್ಣಗಾಗಲು ಅರ್ಧಗಂಟೆ ಬಿಡುವುದು ಒಳ್ಳೆಯದು. ಅಷ್ಟರಲ್ಲಿ ಒಂದು ಚಹಾ ಆಗುತ್ತದೆ.

ಪ್ಲಗ್ಗಿನ ತಂತಿ ಕಿತ್ತ ಮೇಲೂ ಒಂದು ಅಪಾಯ ಉಳಿಯುತ್ತದೆ. ಎಲ್ಲ ಅಲಗುಗಳೂ ಒಂದೇ ಬೆಲ್ಟಿಗೆ ಸೇರಿರುವುದರಿಂದ ಒಂದನ್ನು ಕೈಯಿಂದ ತಿರುಗಿಸಿದರೆ ಪಕ್ಕದ್ದೂ ತಿರುಗುತ್ತದೆ. ಇಬ್ಬರು ಸೇರಿ ಕೆಲಸ ಮಾಡುವಾಗ ಒಬ್ಬನು ಈ ಕಡೆಯ ಬೋಲ್ಟು ಸಡಿಲಿಸಲು ಹೋಗಿ, ಆ ಕಡೆ ಹುಲ್ಲು ಕೆರೆಯುತ್ತಿದ್ದವನ ಕೈಗೆ ಅಲಗು ಬಡಿದೀತು. ಆದ್ದರಿಂದ ಅಲಗು ಅಲುಗದಂತೆ ಮರದ ತುಂಡನ್ನು ಬೋಗುಣಿಗೂ ಅಲಗಿಗೂ ನಡುವೆ ಸಿಕ್ಕಿಸಿಡಬೇಕು. ದಪ್ಪ ಚರ್ಮದ ಕೈಗವಸು, ಕಣ್ಣಿಗೆ ಕನ್ನಡಕ, ಕಾಲಿಗೆ ಮುಚ್ಚಿದ ಬೂಟು ಇರಲಿ. ಹವಾಯಿ ಚಪ್ಪಲಿಯಲ್ಲಿ ಈ ಕೆಲಸಕ್ಕೆ ನಿಲ್ಲುವವರನ್ನು ತಡೆಯಬೇಕಾದುದು ಸಮಿತಿಯ ಕರ್ತವ್ಯ.

ಯಂತ್ರವನ್ನು ಎತ್ತಿ ನಿಲ್ಲಿಸುವುದು

ಡೆಕ್ಕಿನ ಅಪಘಾತಗಳೆಲ್ಲ ಅಲಗಿನಿಂದಲೇ ಆಗುತ್ತವೆಂದು ತಿಳಿಯಬಾರದು. ಯಂತ್ರವೇ ಮೈಮೇಲೆ ಕುಸಿಯುವುದುಂಟು. ಕಾರಿನ ಜ್ಯಾಕು ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಎತ್ತಿದ ಕೂಡಲೇ ಚೌಕಟ್ಟಿನ ಕೆಳಗೆ ಕಬ್ಬಿಣದ ಸ್ಟ್ಯಾಂಡುಗಳನ್ನು ಕೊಟ್ಟು, ನೆಲದ ಮೇಲೆ ಉಳಿದ ಚಕ್ರಗಳಿಗೆ ಮುಂದೆ ಹಿಂದೆ ಅಡ್ಡಗಟ್ಟೆ ಇಡಬೇಕು. ಇಟ್ಟಿಗೆ ಜೋಡಿಸಿ ಅದರ ಮೇಲೆ ಯಂತ್ರ ನಿಲ್ಲಿಸುವುದು, ಮರದ ಕೊಂಬೆಗೆ ಹಗ್ಗ ಹಾಕಿ ಮುಂಭಾಗವನ್ನು ತೂಗುಹಾಕುವುದು ಇವೆಲ್ಲ ನಮ್ಮಲ್ಲಿ ಬಳಕೆಯಲ್ಲಿರುವ ಉಪಾಯಗಳು. ಇಟ್ಟಿಗೆ ಮುನ್ಸೂಚನೆ ಕೊಡದೆ ಒಡೆಯುತ್ತದೆ, ಹಗ್ಗವೂ ಹಾಗೆಯೇ.

ಇದಕ್ಕಿಂತ ಉತ್ತಮ ಮಾರ್ಗವೆಂದರೆ ಡೆಕ್ಕನ್ನೇ ಕಳಚಿ ಹೊರಗೆಳೆದುಕೊಳ್ಳುವುದು. ಮನೆಬಳಕೆಯ ಬಹುತೇಕ ಯಂತ್ರಗಳಲ್ಲಿ ಡೆಕ್ಕನ್ನು ಕೆಳಮಟ್ಟಕ್ಕೆ ಇಳಿಸಿ, ಬೆಲ್ಟನ್ನು ಎಂಜಿನ್ನಿನ ರಾಟೆಯಿಂದ ಜಾರಿಸಿ, ನಾಲ್ಕಾರು ಪಿನ್ನುಗಳನ್ನು ತೆಗೆದರೆ ಅದು ಪಕ್ಕಕ್ಕೆ ಸರಿದು ಬರುತ್ತದೆ. ಎತ್ತುವ ಲಿವರಿಗೆ ಬಿಗಿಯಾದ ಸ್ಪ್ರಿಂಗ್ ಇರುವ ಯಂತ್ರಗಳಲ್ಲಿ, ಡೆಕ್ಕಿನ ಭಾರ ಇಲ್ಲವಾದೊಡನೆ ಆ ಲಿವರು ಹಠಾತ್ತನೆ ಜಿಗಿದು ಮುಖಕ್ಕೋ ಮೊಣಕೈಗೋ ಬಡಿಯುತ್ತದೆ. ಕಳಚುವಾಗ ಅದನ್ನು ಹಿಡಿದುಕೊಂಡು ಕೈಪಿಡಿಯಲ್ಲಿ ಹೇಳಿದಂತೆ ಬಿಡಬೇಕು. ಡೆಕ್ಕು ಭಾರವಾದ ವಸ್ತು. ಇಬ್ಬರು ಹಿಡಿಯುವುದೇ ಸರಿ.

ಚಿಕ್ಕ ಸೊಸೈಟಿಗಳಲ್ಲಿ ಇರುವುದು ತಳ್ಳುವ ಯಂತ್ರ. ಅದನ್ನು ಓರೆ ಮಾಡುವಾಗ ಏರ್ ಫಿಲ್ಟರ್ ಮತ್ತು ಕಾರ್ಬ್ಯುರೇಟರ್ ಇರುವ ಮಗ್ಗುಲು ಮೇಲೆ ಬರುವಂತೆ ನೋಡಿಕೊಳ್ಳಬೇಕು. ಇಲ್ಲವಾದರೆ ಎಣ್ಣೆ ಫಿಲ್ಟರಿಗೆ ಇಳಿದು, ಪೆಟ್ರೋಲು ನೆಲಕ್ಕೆ ಸುರಿಯುತ್ತದೆ. ವಿದ್ಯುತ್ತಿನಿಂದ ನಡೆಯುವುದಾದರೆ ಪ್ಲಗ್ಗನ್ನು ಗೋಡೆಯಿಂದ ಕಿತ್ತೇ ಮುಟ್ಟಬೇಕು. ಅದಕ್ಕೆ ಕೊಡುವ ವಿದ್ಯುತ್ ಸಂಪರ್ಕದಲ್ಲಿ 30 ಮಿಲಿ ಆಂಪಿಯರಿಗೆ ಕಡಿತವಾಗುವ ಸುರಕ್ಷತಾ ಸ್ವಿಚ್ಚು ಇರಲೇಬೇಕು.

ಮಳೆಗಾಲದ ಹುಲ್ಲು, ಸಮುದ್ರದ ಗಾಳಿ

ಮುಂಬಯಿಯಲ್ಲಿ ವರ್ಷಕ್ಕೆ 2000 ಮಿ.ಮೀ.ಗೂ ಮೀರಿ ಸುರಿಯುವ ಮಳೆ ಬಹುತೇಕ ಜೂನ್‌ನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ಹುಲ್ಲು ಹುಚ್ಚೆದ್ದು ಬೆಳೆಯುವುದೂ ಆಗಲೇ. ಗಣೇಶ ಚತುರ್ಥಿಗೆ ನಾವು ಹುಡುಕಿ ತರುವ ಗರಿಕೆಯೇ ಮೈದಾನಗಳಲ್ಲಿ ಬರ್ಮುಡಾ ಎಂಬ ವಿದೇಶೀ ಹೆಸರು ಹೊತ್ತು ಬೆಳೆಯುವ ಹುಲ್ಲು. ಎರಡೂ ಒಂದೇ ಸಸ್ಯ. ತೇವದ ಹುಲ್ಲು ಡೆಕ್ಕಿನ ಒಳಮೈಗೆ ಸಗಣಿ ಸಾರಿಸಿದಂತೆ ಮೆತ್ತಿಕೊಂಡು, ಒಣಗಿದ ಮೇಲೆ ಕಲ್ಲಿನಂತಾಗುತ್ತದೆ. ಅದರಡಿಯಲ್ಲಿ ತೇವ ಉಳಿಯುತ್ತದೆ, ಮೇಲಿಂದ ಸಮುದ್ರದ ಉಪ್ಪುಗಾಳಿ ಬೇರೆ. ಒಣಪ್ರದೇಶದಲ್ಲಿ ಎಷ್ಟೋ ವರ್ಷ ಬಾಳುವ ಡೆಕ್ಕು ಇಲ್ಲಿ ಬೇಗನೆ ತುಕ್ಕು ಹಿಡಿದು ತೂತಾಗುವುದಕ್ಕೆ ಇದೇ ಕಾರಣ. ತೂತಾದ ಡೆಕ್ಕು ಕೇವಲ ಅಂದಗೆಟ್ಟದ್ದಲ್ಲ. ಅಲಗಿಗೆ ತಾಗಿದ ಕಲ್ಲು ಆ ತೂತಿನಿಂದ ಗುಂಡಿನಂತೆ ಹಾರಬಹುದು. ತೆಳು ತಗಡಿನ ತೇಪೆ ಅದನ್ನು ತಡೆಯಲಾರದು.

ಪ್ರತಿಸಲ ಕೆಲಸ ಮುಗಿದ ಮೇಲೆ ಒಳಮೈಯನ್ನು ಮರದ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿಯಿಂದ ಕೆರೆದು ತೆಗೆಯಬೇಕು. ಹುಲ್ಲು ಇನ್ನೂ ಹಸಿಯಾಗಿರುವಾಗ ಇದು ಹತ್ತು ನಿಮಿಷದ ಕೆಲಸ, ಮರುದಿನ ಒಂದು ತಾಸಿನದು. ಹೊರಬಾಯಿ ಕಟ್ಟಿಕೊಂಡಿತೆಂದು ಓಡುತ್ತಿರುವಾಗಲೇ ಕಾಲಿನಿಂದ ಒದೆಯುವುದು, ಕೈಯಿಂದ ಎಳೆಯುವುದು ಇವನ್ನು ಸರ್ವಥಾ ಮಾಡಬಾರದು. ನೀರಿನ ಕೊಳಾಯಿ ಜೋಡಿಸುವ ತೂತು ಇರುವ ಡೆಕ್ಕುಗಳನ್ನು ಒಳಗಿನಿಂದ ತೊಳೆಯಬಹುದು. ಆದರೆ ಕಾರು ತೊಳೆಯುವ ಒತ್ತಡದ ಪಂಪಿನಿಂದ ಸ್ಪಿಂಡಲ್‌ಗಳ ಬುಡಕ್ಕೆ ನೀರು ಹೊಡೆದರೆ ಬೇರಿಂಗಿನೊಳಗಿನ ಗ್ರೀಸ್ ಹೋಗಿ ನೀರು ಸೇರುತ್ತದೆ. ತೊಳೆದ ಮೇಲೆ ಒಣಗಿಸಲೇಬೇಕು. ಎಲ್ಲವನ್ನೂ ಮರಳಿ ಜೋಡಿಸಿ, ಆಸನದಲ್ಲಿ ಕುಳಿತು, ಅಲಗುಗಳನ್ನು ಒಂದೆರಡು ನಿಮಿಷ ತಿರುಗಿಸಿದರೆ ನೀರು ಸಿಡಿದು ಹೋಗುತ್ತದೆ. ತುಕ್ಕು ಕಂಡಲ್ಲಿ ತಂತಿಯ ಬ್ರಷ್ಷಿನಿಂದ ಉಜ್ಜಿ, ಪ್ರೈಮರ್ ಮತ್ತು ಬಣ್ಣ ಹಚ್ಚಬೇಕು. ಹಳೆಯ ಎಂಜಿನ್ ಎಣ್ಣೆ ಬಳಿಯುವ ರೂಢಿ ನಮಗೆ ಒಪ್ಪಿಗೆಯಿಲ್ಲ. ಅದಕ್ಕೆ ಧೂಳು ಹುಲ್ಲು ಇನ್ನಷ್ಟು ಅಂಟುತ್ತವೆ, ಮಕ್ಕಳು ಆಡುವ ನೆಲಕ್ಕೆ ಆ ಎಣ್ಣೆ ತೊಟ್ಟಿಕ್ಕುತ್ತದೆ.

ಹುಲ್ಲನ್ನು ಒಂದೇ ಸಲಕ್ಕೆ ಬುಡಕ್ಕೆ ಕತ್ತರಿಸದೆ, ಎತ್ತರದ ಮೂರನೆಯ ಒಂದು ಪಾಲನ್ನಷ್ಟೇ ತೆಗೆದರೆ ಡೆಕ್ಕು ಕಟ್ಟಿಕೊಳ್ಳುವ ತೊಂದರೆಯೇ ಅರ್ಧ ಕಡಿಮೆಯಾಗುತ್ತದೆ.

ಅಲಗಿಗೆ ಸಾಣೆ

ಓಣಿ ಓಣಿಯಲ್ಲಿ ಸೈಕಲ್ಲಿನ ಮೇಲೆ ಸಾಣೆಕಲ್ಲು ಹೊತ್ತು ಬರುವವನು ನಮ್ಮ ಅಡುಗೆಮನೆಯ ಚೂರಿಗೂ ಮೆಟ್ಟುಕತ್ತಿಗೂ ಕೂದಲು ಸೀಳುವಂತಹ ಹರಿತ ಕೊಡುತ್ತಾನೆ. ಈ ಅಲಗಿಗೆ ಅಂತಹ ಹರಿತ ಬೇಡ. ತೀರ ತೆಳುವಾದ ಅಂಚು ಮೊದಲ ಕಲ್ಲಿಗೇ ಮುರಿಯುತ್ತದೆ. ಬೆಣ್ಣೆ ಸವರುವ ಚಾಕುವಿನಷ್ಟು ಹರಿತವಿದ್ದರೆ ಸಾಕು. ಉಳಿದದ್ದನ್ನು ವೇಗವೇ ಮಾಡುತ್ತದೆ. ಕತ್ತರಿಸಿದ ಹುಲ್ಲಿನ ತುದಿ ಸೀಳಿ ಬೆಳ್ಳಗಾಗಿ ಕಂಡರೆ ಅಲಗು ಮೊಂಡಾಗಿದೆ ಎಂದರ್ಥ.

ಅಲಗನ್ನು ಬಿಚ್ಚುವ ಮುನ್ನ ನೆಲದ ಕಡೆಯ ಮೈಗೆ ಬಣ್ಣದ ಗುರುತು ಹಾಕಬೇಕು. ತಲೆಕೆಳಗಾಗಿ ಜೋಡಿಸಿದ ಅಲಗು ಹುಲ್ಲನ್ನು ಕತ್ತರಿಸದೆ ಜಜ್ಜುತ್ತದೆ. ಬಾಗಿದ ಹಿಂಬದಿಯ ಅಂಚು ಯಾವಾಗಲೂ ಡೆಕ್ಕಿನ ಕಡೆಗೆ ಮೇಲ್ಮುಖವಾಗಿರಬೇಕು. ಕೆಲವು ಯಂತ್ರಗಳಲ್ಲಿ ಬೋಲ್ಟಿನ ಮರೆ ಎಡಕ್ಕೆ ತಿರುಗಿದ್ದಾಗಿರುತ್ತದೆ. ಕೈಪಿಡಿ ನೋಡದೆ ಬಲ ಹಾಕಿದರೆ ಇನ್ನಷ್ಟು ಬಿಗಿಯುತ್ತದೆ. ಅಲಗನ್ನು ವೈಸಿನಲ್ಲಿ ಕಚ್ಚಿಸಿ, ಮೊದಲಿದ್ದ ಇಳಿಜಾರಿನಲ್ಲಿಯೇ, ಸಾಮಾನ್ಯವಾಗಿ ಅದು 30 ಡಿಗ್ರಿಯ ಆಸುಪಾಸು, ಅರದಿಂದ ಒಂದೇ ದಿಕ್ಕಿಗೆ ಉಜ್ಜಬೇಕು. ವಿದ್ಯುತ್ ಸಾಣೆಯಲ್ಲಿ ಅಂಚು ನೀಲಿಗಟ್ಟುವಷ್ಟು ಬಿಸಿಯಾದರೆ ಉಕ್ಕಿನ ಹದ ಕೆಟ್ಟಿತೆಂದೇ ತಿಳಿಯಬೇಕು. ಎರಡೂ ತುದಿಗಳಿಂದ ಸಮನಾಗಿ ಲೋಹ ತೆಗೆದಿದ್ದೇವೆಯೇ ಎಂದು ನೋಡಲು ಗೋಡೆಗೆ ಹೊಡೆದ ಮೊಳೆಗೆ ಅಲಗಿನ ನಡುವಿನ ತೂತನ್ನು ಸಿಕ್ಕಿಸಿ ಬಿಟ್ಟರಾಯಿತು. ತಕ್ಕಡಿಯಂತೆ ಯಾವ ಕಡೆ ವಾಲುತ್ತದೆಯೋ ಆ ಕಡೆ ಇನ್ನೂ ಸ್ವಲ್ಪ ಉಜ್ಜಬೇಕು. ತೂಕ ತಪ್ಪಿದ ಅಲಗು ಯಂತ್ರವನ್ನೆಲ್ಲ ನಡುಗಿಸಿ ಬೇರಿಂಗುಗಳನ್ನು ತಿಂದುಹಾಕುತ್ತದೆ.

ಬಾಗಿದ, ಬಿರುಕು ಬಿಟ್ಟ, ಹಿಂಬದಿಯ ಅಂಚು ಸವೆದು ತೆಳುವಾದ ಅಲಗನ್ನು ಎಸೆಯಬೇಕು. ಸುತ್ತಿಗೆಯಿಂದ ನೇರ ಮಾಡಿಸುವುದಾಗಲಿ, ವೆಲ್ಡಿಂಗ್ ಮಾಡಿಸುವುದಾಗಲಿ ಕೂಡದು. ಜುಗಾಡ್ ಎಂಬ ಮಾತು ಈ ನಗರದಲ್ಲಿ ಮೆಚ್ಚುಗೆಯ ಮಾತು. ಗಂಟೆಗೆ 300 ಕಿ.ಮೀ. ವೇಗದ ಉಕ್ಕಿನ ಪಟ್ಟಿಯ ವಿಷಯದಲ್ಲಿ ಅದಕ್ಕೆ ಜಾಗವಿಲ್ಲ. ಮರಳಿ ಜೋಡಿಸುವಾಗ ಬೋಲ್ಟನ್ನು ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ, ಬಿಗಿತ ಅಳೆಯುವ ಸ್ಪ್ಯಾನರಿನಿಂದಲೇ ತಿರುಗಿಸಬೇಕು.

ಸ್ಪಿಂಡಲ್‌ಗಳಿಗೆ ಗ್ರೀಸ್ ಹಾಕುವ ಮೊಲೆಗಳಿದ್ದರೆ ಕೈಪಿಡಿ ಹೇಳುವ ಗಂಟೆಗಳಿಗೊಮ್ಮೆ ಗ್ರೀಸ್ ಗನ್ನಿನಿಂದ ತುಂಬಬೇಕು. ಅಲಗಿನ ತುದಿಯನ್ನು ಕೈಗವಸಿನ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ಗಡಗಡ ಎಂದರೆ ಬೇರಿಂಗು ಹೋಗಿದೆ. ನಮ್ಮ ನಗರದಲ್ಲಿ ಇದಕ್ಕೊಂದು ವಿಶೇಷ ಶತ್ರುವಿದೆ: ಸಂಕ್ರಾಂತಿಯ ಗಾಳಿಪಟದ ಮಾಂಜಾ. ಹುಲ್ಲಿನಲ್ಲಿ ಕಾಣದೆ ಬಿದ್ದಿರುವ ನೈಲಾನ್ ದಾರ ಸ್ಪಿಂಡಲ್ಲಿಗೆ ಸುತ್ತಿಕೊಂಡು ಬೇರಿಂಗಿನ ರಬ್ಬರ್ ಮುಚ್ಚಳವನ್ನು ಕೊಯ್ಯುತ್ತದೆ. ನವರಾತ್ರಿಯ ಮಂಟಪ ಕಿತ್ತ ಮೇಲೆ ಉಳಿಯುವ ಮೊಳೆ, ಕಟ್ಟುವ ತಂತಿ, ಸುತಳಿ, ದೀಪಾವಳಿಯ ಸುರುಸುರುಬತ್ತಿಯ ಕಂಬಿ, ಎಳನೀರಿನ ಚಿಪ್ಪು ಇವನ್ನೆಲ್ಲ ಯಂತ್ರ ಇಳಿಸುವ ಮುನ್ನ ಆಯ್ದು ತೆಗೆಸಬೇಕು. ಬೆಲ್ಟಿನಲ್ಲಿ ಬಿರುಕು, ಎಳೆ ಬಿಟ್ಟಿರುವುದು ಕಂಡರೆ ಬದಲಿಸಬೇಕು.

ಡೆಕ್ಕು ಓರೆಯಾಗಿದ್ದರೆ ಹುಲ್ಲುಹಾಸು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಟಯರುಗಳ ಗಾಳಿ ಸಮ ಮಾಡಿಕೊಂಡು, ಎಡ ಬಲದ ಅಲಗಿನ ತುದಿಗಳಿಂದ ನೆಲಕ್ಕೆ ಅಳೆದಾಗ 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿರಬಾರದು. ಮುಂದಿನ ತುದಿ ಹಿಂದಿನದಕ್ಕಿಂತ 3ರಿಂದ 6 ಮಿ.ಮೀ. ತಗ್ಗಿರುವುದು ವಾಡಿಕೆ.

‘ಡೈರೆಕ್ಟ್’ ಮಾಡಿಸುವ ರೋಗ

ಆಸನದಿಂದ ಎದ್ದೊಡನೆ ಎಂಜಿನ್ ನಿಲ್ಲುವಂತೆ ಆಸನದ ಕೆಳಗೊಂದು ಸ್ವಿಚ್ಚು ಇರುತ್ತದೆ. ತೇವಕ್ಕೆ ಅದು ಕೆಟ್ಟು ಯಂತ್ರ ಆಗಾಗ ನಿಲ್ಲತೊಡಗಿದರೆ, ಮೆಕ್ಯಾನಿಕ್ಕನು ‘ಸಾಹೇಬ್, ಡೈರೆಕ್ಟ್ ಮಾಡಿಬಿಡುತ್ತೇನೆ’ ಎನ್ನುತ್ತಾನೆ. ಎರಡು ತಂತಿ ಹೆಣೆದರೆ ಮುಗಿಯಿತು; ಖರ್ಚೂ ಇಲ್ಲ. ಅಂದಿನಿಂದ ಮಾಲಿ ಅಲಗು ತಿರುಗುತ್ತಿರುವಾಗಲೇ ಇಳಿದು ಕಲ್ಲು ಎತ್ತಿಡುವ ಅಭ್ಯಾಸಕ್ಕೆ ಬೀಳುತ್ತಾನೆ. ಹೊರಬಾಯಿಯ ಮೇಲಿನ ತಡೆಹಲಗೆಯದೂ ಇದೇ ಕಥೆ: ಹುಲ್ಲು ಕಟ್ಟಿಕೊಳ್ಳುತ್ತದೆಂದು ಅದನ್ನು ಕಿತ್ತು ಮೂಲೆಗೆ ಎಸೆಯುತ್ತಾರೆ. ಸಮಿತಿಯವರು ತಿಂಗಳಿಗೊಮ್ಮೆ, ಸುತ್ತ ಯಾರೂ ಇಲ್ಲದ ಬಯಲಿನಲ್ಲಿ, ಚಾಲಕನು ಆಸನದಿಂದ ತುಸು ಮೇಲೆದ್ದಾಗ ಎಂಜಿನ್ ನಿಲ್ಲುತ್ತದೆಯೇ ಎಂದು ನೋಡಬೇಕು. ನಿಲ್ಲದಿದ್ದರೆ ಅಂದಿನ ಕೆಲಸ ಅಲ್ಲಿಗೇ ನಿಲ್ಲಬೇಕು. ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಸುತ್ತು ಹೊಡೆಸುವ ಪ್ರೀತಿ ಅಮೆರಿಕದಲ್ಲಿರುವ ನಮ್ಮವರಲ್ಲೂ ಇದೆ. ಅಜ್ಜಿ ತಾತಂದಿರು ಇದೊಂದಕ್ಕೆ ಖಡಾಖಂಡಿತವಾಗಿ ಬೇಡವೆನ್ನಲಿ.

ಈ ಮಾತನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಇಲ್ಲಿ ಡೆಕ್ಕಿಗೆ ಕೈಹಾಕುವವರು ಸಾಮಾನ್ಯವಾಗಿ ನಾವಲ್ಲ, ದಿನಗೂಲಿಯ ಮಾಲಿ. ಅವನ ಬೆರಳುಗಳೇ ಅವನ ಠೇವಣಿ. 1923ರ ಪರಿಹಾರ ಕಾಯ್ದೆಯು, ನಂತರದ ತಿದ್ದುಪಡಿಗಳೊಂದಿಗೆ, ಇಡೀ ಹೆಬ್ಬೆರಳು ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇಕಡಾ 30, ಇಡೀ ತೋರುಬೆರಳು ಹೋದರೆ 14, ಒಂದು ಕೈಯ ನಾಲ್ಕು ಬೆರಳು ಹೋದರೆ 50 ನಷ್ಟವೆಂದು ಪಟ್ಟಿ ಮಾಡಿತ್ತು. ಆ ಕಾಯ್ದೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿಹೋಗಿದೆ. ಅಂಕಿಯಲ್ಲಿ ಬರೆದಾಗ 14 ಸಣ್ಣದಾಗಿ ಕಾಣುತ್ತದೆ. ಕುಡುಗೋಲು ಹಿಡಿದು ಬದುಕುವವನಿಗೆ ಅದು ಸಣ್ಣದಲ್ಲ. ಗುತ್ತಿಗೆದಾರನ ಮೂಲಕ ಮಾಲಿಯನ್ನು ಇಟ್ಟುಕೊಂಡಿರುವ ಸೊಸೈಟಿಗಳು, ಅಪಘಾತದ ವಿಮೆ ಯಾರ ಹೆಸರಿನಲ್ಲಿದೆ, ಕಂತು ಕಟ್ಟಿದೆಯೇ ಎಂಬುದನ್ನು ಕಾಗದ ತರಿಸಿ ನೋಡುವುದು ಲೇಸು. ಬಾಯಿಮಾತಿನ ಭರವಸೆ ಸಾಲದು.

ಅಕಸ್ಮಾತ್ ಅವಘಡವಾದರೆ ಸ್ವಚ್ಛ ಬಟ್ಟೆಯಿಂದ ಗಾಯವನ್ನು ಬಿಗಿಯಾಗಿ ಒತ್ತಿ ಹಿಡಿದು, ಕೈಯನ್ನು ಎದೆಗಿಂತ ಮೇಲಕ್ಕೆ ಎತ್ತಿ, 108ಕ್ಕೆ ಕರೆ ಮಾಡಬೇಕು. ಅರಿಶಿನ, ಕಾಫಿಪುಡಿ ತುಂಬುವುದು ಬೇಡ. ಬೆರಳು ತುಂಡಾಗಿದ್ದರೆ ಅದನ್ನು ಹುಡುಕಿ, ಒದ್ದೆ ಮಾಡಿ ಹಿಂಡಿದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿಡಬೇಕು. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಿದರೆ ಮಾಂಸ ಸತ್ತುಹೋಗುತ್ತದೆ. ಆರು ಗಂಟೆಯೊಳಗೆ ತಲುಪಿದರೆ ಮರುಜೋಡಣೆಯ ಆಸೆ ಹೆಚ್ಚು. ಪರೇಲಿನ ಕೆ.ಇ.ಎಂ., ಸಯನ್‌ನ ಲೋಕಮಾನ್ಯ ತಿಲಕ್, ವಿಲೇಪಾರ್ಲೆಯ ಕೂಪರ್ ಮುಂತಾದ ನಗರಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲಾಗಲಿ ಹತ್ತಿರದ ಖಾಸಗಿ ಆಸ್ಪತ್ರೆಯಲ್ಲಾಗಲಿ ಕೈಯ ಶಸ್ತ್ರಚಿಕಿತ್ಸೆ ಎಲ್ಲಿ, ಯಾವ ಹೊತ್ತಿನಲ್ಲಿ ಸಿಗುತ್ತದೆಂದು ಮೊದಲೇ ವಿಚಾರಿಸಿ ಬರೆದಿಡಬೇಕು. ಗಾಯ ಚಿಕ್ಕದಾದರೂ ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು.

ವರ್ಷದ ಲೆಕ್ಕದಲ್ಲಿ ಹೇಳುವುದಾದರೆ ಮೇ ತಿಂಗಳಲ್ಲಿ ಡೆಕ್ಕು ಕಳಚಿ ಬಣ್ಣ, ಗ್ರೀಸ್, ಹೊಸ ಅಲಗು. ಮಳೆಗಾಲದುದ್ದಕ್ಕೂ ಪ್ರತಿ ಕೆಲಸದ ನಂತರ ಕೆರೆಯುವುದು, ತಿಂಗಳಿಗೊಮ್ಮೆ ಸಾಣೆ. ಅಕ್ಟೋಬರಿನಲ್ಲಿ ಪೂರ್ತಿ ತೊಳೆದು ಒಣಗಿಸಿ ಅಳತೆ ನೋಡುವುದು. ದಿನಾಂಕ, ಮಾಡಿದ ಕೆಲಸ, ಮಾಡಿದವನ ಹೆಸರು ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿಸಬಹುದು. ಕೈಪಿಡಿ ಇಂಗ್ಲಿಷಿನಲ್ಲಿರುವುದರಿಂದ ಕೀಲಿ, ಪ್ಲಗ್ಗು, ಮರದ ತುಂಡು, ಸ್ಟ್ಯಾಂಡು ಈ ನಾಲ್ಕು ಸಂಗತಿಗಳನ್ನು ಮರಾಠಿ ಹಿಂದಿಗಳಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ, ಓದಲು ಬಾರದವರಿಗಾಗಿ ಪಕ್ಕದಲ್ಲಿ ಚಿತ್ರ ಹಾಕಿಸಿ, ಯಂತ್ರ ನಿಲ್ಲಿಸುವ ಶೆಡ್ಡಿನ ಗೋಡೆಗೆ ಅಂಟಿಸಬೇಕು.